ಬೀಡಿಂಗ್ ಮುಚ್ಚಿದ ಮೂಲೆ

ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಸ್ವಲ್ಪ ದೂರ ಹೋಗಿದ್ದೆವು. ಮುಂದೆ ಜಲ್ಲಿ ತುಂಬಿದ ಲಾರಿ. ಕಲ್ಲು ಹಾರಿ ಬಂದದ್ದನ್ನು ನಾನು ನೋಡಲಿಲ್ಲ. ಟಪ್ ಎಂಬ ಸದ್ದಿನ ಜೊತೆಗೆ ಎದುರಿನ ರಸ್ತೆಯೇ ಇಲ್ಲವಾಯಿತು. ಗಾಜು ಇಡಿಯಾಗಿ ಬೆಳ್ಳಗಾಗಿ ನಿಂತಿತ್ತು. ಮಾವ ಮುಷ್ಟಿಯಿಂದ ಗುದ್ದಿ ತೂತು ಮಾಡಿ, ಅದರಲ್ಲಿ ಇಣುಕುತ್ತಾ ಕಾರನ್ನು ಬದಿಗೆ ತಂದರು. ನನ್ನ ಮಡಿಲ ತುಂಬ ಕಲ್ಲುಸಕ್ಕರೆಯಂಥ ಹರಳುಗಳು. ಕುಣಿಗಲ್ಲಿನ ಗೃಹಪ್ರವೇಶಕ್ಕೆ ಮುಂದಿನ ಗಾಜೇ ಇಲ್ಲದ ಕಾರಿನಲ್ಲಿ, ಕಣ್ಣಿಗೆ ಧೂಳು ತುಂಬಿಕೊಂಡು ಹೋದೆವು.

ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಮಿಕೆಲೊಟ್ಟಿ ವಿನ್ಯಾಸ ಮಾಡಿ, 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಿನಲ್ಲಿ ಹೊರಬಂದ ಕಾರು. 1961ರಿಂದ ಮದರಾಸಿನಲ್ಲಿ ತಯಾರಾಗತೊಡಗಿತು. ನಾಲ್ಕು ಬಾಗಿಲಿನ ಹೆರಾಲ್ಡ್ ನಮ್ಮ ದೇಶದಲ್ಲಿ ಮಾತ್ರ ಆದದ್ದು, ಮಾವನದು ಅಂಥದ್ದು. ಅಂಬಾಸಿಡರ್, ಫಿಯೆಟ್‌ಗಳ ಬಿಡಿಭಾಗ ಇಂದಿಗೂ ಅಲ್ಲಿ ಇಲ್ಲಿ ಸಿಗುತ್ತವೆ. ಹೆರಾಲ್ಡಿನದು ಹಾಗಲ್ಲ. ಅದರಲ್ಲೂ ಮುಂದಿನ ಗಾಜು. ಹಳೆಯ ಜೀಪಿನ ಚಪ್ಪಟೆ ಗಾಜಾದರೆ ಯಾವ ಗಾಜಿನಂಗಡಿಯವರೂ ಕತ್ತರಿಸಿ ಕೊಡುತ್ತಾರೆ. ಹೆರಾಲ್ಡಿನದು ಎರಡೂ ಕೊನೆಗೆ ಬಾಗಿದ್ದು, ಕುಲುಮೆಯಲ್ಲಿ ಅಚ್ಚಿನ ಮೇಲೆ ಬಗ್ಗಿಸಬೇಕು. ಅಚ್ಚಿಗೆ ಮಾದರಿ ಬೇಕು. ನಮ್ಮ ಮಾದರಿ ಹೆಬ್ಬೂರಿನ ರಸ್ತೆಬದಿಯಲ್ಲಿ ಹರಳಾಗಿ ಬಿದ್ದಿತ್ತು.

ತಿಂಗಳುಗಟ್ಟಲೆ ಹುಡುಕಿದ ಮೇಲೆ ಗುಬ್ಬಿ ಹತ್ತಿರದ ಒಂದು ಅಡಿಕೆ ತೋಟದಲ್ಲಿ ಇನ್ನೊಂದು ಹೆರಾಲ್ಡ್ ಇದೆಯೆಂದು ಗೊತ್ತಾಯಿತು. ಶೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ಕೂತಿತ್ತು, ಚಕ್ರವೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಮರಿ ಮಾಡಿತ್ತು, ಮುಂದಿನ ಸೀಟಿನಲ್ಲಿ ಅಜ್ಜಿಯ ಮೊಮ್ಮಕ್ಕಳು ಸ್ಟಿಯರಿಂಗ್ ತಿರುಗಿಸುತ್ತಾ ಬೆಂಗಳೂರಿಗೆ ಹೋಗುತ್ತಿದ್ದರು. ಆದರೆ ಮುಂದಿನ ಗಾಜು ಒಂದು ಗೀರೂ ಇಲ್ಲದೆ ಇತ್ತು. ಮಾವ ಅದರ ಮುಂದೆ ನಿಂತ ರೀತಿ ದೇವಸ್ಥಾನದಲ್ಲಿ ನಿಂತ ಹಾಗಿತ್ತು. ಎಷ್ಟು ಬೇಕಾದರೂ ಕೊಡುತ್ತೇನೆ ಅಂದರು.

ಅಜ್ಜಿ ಅಡಿಕೆ ಸುಲಿಯುತ್ತಾ ತಲೆ ಎತ್ತದೆ ಕೇಳಿದರು: "ನಿಮ್ ಕಾರಿಗೆ ಕಣ್ಣು ಬರ್ಲಿ ಅಂತ ನಮ್ ಕಾರು ಕುರುಡಾಗ್ಬೇಕಾ?"

ಓಡದ ಕಾರಿಗೆ ಕಣ್ಣೇಕೆ ಎಂದು ಮಾವ ಅನ್ನಬಹುದಿತ್ತು. ಅನ್ನಲಿಲ್ಲ, ಅದು ಅವರ ದೊಡ್ಡತನ.

ನನ್ನ ಪಿಎಚ್.ಡಿ. ಗ್ರಂಥಸಂಪಾದನೆಯಲ್ಲಿ. ದಿನವೂ ಹುಳು ತಿಂದ ಓಲೆಗಳ ಜೊತೆ ಕೆಲಸ. ಬಿಟ್ಟುಹೋದ ಅಕ್ಷರವನ್ನು ಊಹಿಸಿ ತುಂಬಿದರೆ ಚೌಕ ಕಂಸದೊಳಗೆ ಹಾಕುತ್ತೇವೆ: ಇದು ಓಲೆಯದಲ್ಲ, ನನ್ನದು ಎಂಬ ಒಪ್ಪಿಗೆ ಅದು. ಕಂಸ ಹಾಕದೆ ತುಂಬಿದವನ ಊಹೆ ಸರಿಯಿದ್ದರೂ ನಾವು ಅವನನ್ನು ನಂಬುವುದಿಲ್ಲ. ಹಾಗಾಗಿ ಗಾಜು ಬದಲಿಸಿದ ಕಾರು ಅದೇ ಕಾರೇ ಎಂಬ ಪ್ರಶ್ನೆ ನನಗೆ ಮೊದಲಿನಿಂದಲೂ ಅಷ್ಟು ದೊಡ್ಡದೆನಿಸಲಿಲ್ಲ. ಪ್ಲುಟಾರ್ಕ್ ಹೇಳುವ ಥೀಸಿಯಸ್‌ನ ಹಡಗಿನ ಹಲಗೆಗಳು ಒಂದೊಂದಾಗಿ ಬದಲಾದ ಕಥೆ ತರಗತಿಯಲ್ಲಿ ಎಲ್ಲರೂ ಕೇಳಿರುತ್ತೀರಿ. ಅದಕ್ಕಿಂತ ನನಗೆ ಹತ್ತಿರವಾದದ್ದು 'ಮಿಲಿಂದಪ್ರಶ್ನೆ'ಯ ನಾಗಸೇನ. ರಥದಲ್ಲಿ ಬಂದ ದೊರೆಯನ್ನು ಅವನು ಕೇಳುತ್ತಾನೆ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು. ದೊರೆ ಎಲ್ಲಕ್ಕೂ ಅಲ್ಲ ಅನ್ನುತ್ತಾನೆ. ಇವೆಲ್ಲ ಸೇರಿದಾಗ ನಾವು ಇಟ್ಟುಕೊಂಡ ಹೆಸರು ರಥ. ಹೆರಾಲ್ಡಂತೂ ಇದಕ್ಕೆ ಹೇಳಿ ಮಾಡಿಸಿದ ಕಾರು: ಚಾಸಿ ಬೇರೆ, ಮೇಲಿನ ಬಾಡಿಯ ಭಾಗಗಳನ್ನೂ ಬೋಲ್ಟಿನಿಂದಲೇ ಜೋಡಿಸಿರುತ್ತಾರೆ.

ಕಾನೂನು ಕೂಡ ಇಲ್ಲಿ ಉದಾರಿ. ಐವತ್ತು ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ನಿಯಮ ಮೂಲರೂಪ ಕೆಡಬಾರದು ಎನ್ನುವಾಗ ಹೆಸರಿಸುವುದು ಚಾಸಿ, ಬಾಡಿ, ಎಂಜಿನ್‌ಗಳನ್ನು. ಆದರೂ ಮಾವನಿಗೆ ಮದರಾಸಿನ ಕಾಲದ ಗಾಜೇ ಬೇಕು. ನಾನು ಲ್ಯಾಮಿನೇಟೆಡ್ ಹಾಕಿಸಿ ಎಂದು ಹಟ ಹಿಡಿದೆ. ಎರಡು ತೆಳು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಸೀಳಿದರೂ ಉದುರುವುದಿಲ್ಲ, ರಸ್ತೆ ಕಾಣದಂತೆ ಮಾಡುವುದಿಲ್ಲ. 1903ರಲ್ಲಿ ಫ್ರಾನ್ಸಿನ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನ ಕಪಾಟಿನಿಂದ ಬಿದ್ದ ಸೀಸೆಯೊಂದು, ಒಳಗೆ ಒಣಗಿ ಅಂಟಿದ್ದ ದ್ರಾವಣದ ದೆಸೆಯಿಂದ ಒಡೆದೂ ಚೂರಾಗದೆ ಉಳಿದದ್ದೇ ಇದರ ಮೂಲ. "ಹಳೇ ಕಾರಲ್ಲಿ ಹೊಸ ಗಾಜು, ಅಜ್ಜನಿಗೆ ಕೂಲಿಂಗ್ ಗ್ಲಾಸ್ ಹಾಕಿದಂಗೆ" ಎಂದು ಮಾವ ಗೊಣಗಿದರು. ಕೊನೆಗೆ ರಾಜಿಯಾಯಿತು. ಅಜ್ಜಿಯ ಗಾಜನ್ನು ಮಾದರಿಗೆ ಎರವಲು ತರುವುದು, ಹೊಸದನ್ನು ಬೆಂಗಳೂರಿನಲ್ಲಿ ಲ್ಯಾಮಿನೇಟೆಡ್‌ನಲ್ಲಿ ಮಾಡಿಸುವುದು, ಹಳೆಯದನ್ನು ಅದರ ಜಾಗದಲ್ಲೇ ಕೂರಿಸಿ ಬರುವುದು. ಅಜ್ಜಿ ಒಪ್ಪಿದರು.

ಗಾಜು ಬಿಚ್ಚಿದವರು ನಾವೇ. ಸುತ್ತಲಿನ ರಬ್ಬರ್ ಬೀಡಿಂಗ್ ಕಟ್ಟಿಗೆಯಂತಾಗಿತ್ತು. ಮಾವ ಬ್ಲೇಡಿನಿಂದ ನಿಧಾನವಾಗಿ ಕುಯ್ಯುತ್ತಾ ಬಂದರು. ಕೆಳಗಿನ ಎಡಮೂಲೆ ನನ್ನ ಪಾಲಿಗೆ ಬಂತು. ಬ್ಲೇಡ್ ಹೋಗದ ಕಡೆ ನಾನು ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಕಿಣ್ ಅಂತು. ಅಷ್ಟೇ. ಗಾಜು ಹೊರಬಂದ ಮೇಲೆ ನೋಡಿದರೆ ಅಂಚಿನಲ್ಲಿ ಎಳ್ಳುಕಾಳಿನಷ್ಟು ಚಕ್ಕೆ ಎದ್ದಿತ್ತು. ಮಾವನಿಗೆ ತೋರಿಸಿದೆ. ಅವರು ಬೆರಳಾಡಿಸಿ, "ಬೀಡಿಂಗ್ ಒಳಗೆ ಹೋಗುತ್ತೆ, ಕಾಣಲ್ಲ" ಅಂದರು.

ಹಾಸಿಗೆಯಲ್ಲಿ ಸುತ್ತಿ ಬೆಂಗಳೂರಿಗೆ ಒಯ್ದೆವು. ಎರಡು ಹಾಳೆ ಗಾಜನ್ನು ಒಂದರ ಮೇಲೊಂದಿಟ್ಟು ಕಾಸಿದಾಗ ಅವು ತಮ್ಮ ಭಾರಕ್ಕೆ ತಾವೇ ಅಚ್ಚಿನ ಮೇಲೆ ಬಾಗುವುದನ್ನು, ಆಮೇಲೆ ನಡುವೆ ಪದರವಿಟ್ಟು ಒತ್ತಡದಲ್ಲಿ ಬೆಸೆಯುವುದನ್ನು ಬೇರೆ ದಿನವಾದರೆ ಖುಷಿಯಿಂದ ನೋಡುತ್ತಿದ್ದೆ. ಅವತ್ತು ತಲೆಯಲ್ಲಿ ಎಳ್ಳುಕಾಳೇ ಇತ್ತು.

ಟಫನ್ಡ್ ಗಾಜಿನ ಬಲ ಅದರ ಮೈಯಲ್ಲಿ, ದೌರ್ಬಲ್ಯ ಅಂಚಿನಲ್ಲಿ. ಮೈಗೆ ಗುದ್ದಿದರೆ ತಡೆದೀತು. ಅಂಚಿನಲ್ಲೊಂದು ಪೆಟ್ಟಿದ್ದರೆ ಎಂದೋ ಒಂದು ಬಿಸಿಲಿನ ದಿನ ಯಾರೂ ಮುಟ್ಟದೆಯೇ ಇಡಿಯಾಗಿ ಸಿಡಿಯಬಹುದು. ಸಿಡಿಯದೆಯೂ ಇರಬಹುದು.

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಗೂಳೂರಿನ ಹತ್ತಿರ ಕೈದಾಳವಿದೆ. ಜಕಣಾಚಾರಿಯ ಕಥೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಒಬ್ಬ ಹುಡುಗ ಹೇಳಿದ, ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ, ಕೆತ್ತಿದರೆ ಕಪ್ಪೆ. ಮಾತಿಗೆ ಕಟ್ಟುಬಿದ್ದು ಜಕಣಾಚಾರಿ ಕೈ ಕಡಿದುಕೊಂಡ, ಕೈದಾಳದ ಕೇಶವ ಅದನ್ನು ಮರಳಿ ಕೊಟ್ಟ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ಬಿಡಿ. ನನಗೆ ಕಾಡಿದ್ದು ಕೈಯಲ್ಲ. ಹುಡುಗ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ. ಪೂಜೆ ನಡೆಯುತ್ತಿತ್ತು. ಕಪ್ಪೆ ಇದ್ದಲ್ಲೇ ಇರುತ್ತಿತ್ತು. ಅದೇ ಗೂಳೂರಿನಲ್ಲಿ ವರ್ಷವೂ ಹೊಸ ಮಣ್ಣಿನಿಂದ ಬೃಹತ್ ಗಣಪತಿಯನ್ನು ಮಾಡಿ, ಕಾರ್ತಿಕ ಕಳೆದ ಮೇಲೆ ಕೆರೆಗೆ ಬಿಡುತ್ತಾರೆ. ಹೋದ ವರ್ಷದ ಗಣಪತಿ ಇದಲ್ಲ ಎಂದು ಯಾರೂ ತಕರಾರು ತೆಗೆಯುವುದಿಲ್ಲ, ಯಾಕೆಂದರೆ ಮಣ್ಣು ಹೊಸದೆಂದು ಎಲ್ಲರಿಗೂ ಗೊತ್ತು. ಮುಚ್ಚಿಟ್ಟದ್ದೇನೂ ಇಲ್ಲ. ಹತ್ತಿರ ಹತ್ತಿರ ಇರುವ ಈ ಎರಡು ಊರುಗಳ ನಡುವೆ ನನ್ನ ಪ್ರಶ್ನೆ ಸಿಕ್ಕಿಕೊಂಡಿತ್ತು. ಬದಲಾದದ್ದು ಎಷ್ಟು ಎಂಬುದಲ್ಲ, ಬದಲಾದದ್ದನ್ನು ಯಾರಿಗೆ ಹೇಳಬೇಕು ಎಂಬುದು.

ಮಾವನ ವಾದವೂ ಹಗುರವಾದದ್ದಲ್ಲ. "ಹೇಳಿದ್ರೆ ನಿನ್ನ ಮನಸ್ಸು ಹಗುರಾಗುತ್ತೆ, ಆಯಮ್ಮನದು ಭಾರ ಆಗುತ್ತೆ. ಗಂಡನ ಕಾರು ಅದು. ದಿನಾ ಅದನ್ನ ನೋಡ್ದಾಗೆಲ್ಲ ನೆನಪಾಗ್ಬೇಕಾ?" ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ತಪ್ಪೊಪ್ಪಿಗೆಯಲ್ಲಿ ಒಂದು ಬಗೆಯ ಸ್ವಾರ್ಥವಿದೆ ಎಂಬುದು ನಿಜ. ನಾವು ಇಳಿಸಿದ ಹೊರೆ ಎಲ್ಲಾದರೂ ಹೋಗಿ ಕೂರಲೇಬೇಕು. ಎರಡು ವಾರ ನಾನು ಮಾವನ ಕಡೆಗೇ ವಾಲಿದ್ದೆ. ಹಾಗೆ ವಾಲುವುದರಿಂದ ನನಗೇ ಅನುಕೂಲ ಎಂಬುದೂ ಗೊತ್ತಿತ್ತು.

ಹೊಸ ಬೀಡಿಂಗ್ ಕೊಂಡು ಗುಬ್ಬಿಗೆ ಹೋದೆವು. ಗಾಜಿನ ಸುತ್ತ ಬೀಡಿಂಗ್ ಕೂರಿಸಿ, ಅದರ ಕಾಲುವೆಯಲ್ಲಿ ಹುರಿ ಸುತ್ತಿ, ಸೋಪಿನ ನೀರು ಸವರಿ, ಮಾವ ಹೊರಗಿನಿಂದ ಒತ್ತುತ್ತಿದ್ದ ಹಾಗೆ ನಾನು ಕಾರೊಳಗೆ ಕೂತು ಹುರಿ ಎಳೆಯುತ್ತಾ ಬಂದೆ. ರಬ್ಬರಿನ ತುಟಿ ಚೌಕಟ್ಟನ್ನು ಕಚ್ಚುತ್ತಾ ಬಂತು. ಎಡಮೂಲೆ ಕೊನೆಗೆ ಮುಚ್ಚಿತು. ಕೆಲಸ ಮುಗಿಯುವ ಮೊದಲೇ ಮಕ್ಕಳು ನನ್ನ ಪಕ್ಕ ಹತ್ತಿ ಕೂತು, ಬೆಂಗಳೂರಿಗೆ ಟಿಕೆಟ್ ಎಷ್ಟು ಎಂದು ಕೇಳಿದರು. ಚಿಕ್ಕವಳ ಮುಖ ಗಾಜಿನಿಂದ ಗೇಣುದೂರದಲ್ಲಿತ್ತು.

ಇಳಿದು ಹೋಗಿ ಅಜ್ಜಿಗೆ ಹೇಳಿದೆ. ಎಲ್ಲಿ, ಹೇಗೆ, ಯಾರು ಮಾಡಿದ್ದು, ಬಿಸಿಲಿಗೆ ಏನಾಗಬಹುದು, ಎಲ್ಲ. ಅವರು ಎದ್ದು ಬಂದು ಆ ಮೂಲೆಯ ರಬ್ಬರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು.

"ಇವ್ರಿದ್ದಿದ್ರೆ ನಿನ್ ಕೈ ಮುರೀತಿದ್ರು ಮಗಾ" ಅಂದರು. ನಗಲಿಲ್ಲ. ಆಮೇಲೆ ಮಕ್ಕಳನ್ನು ಹಿಂದಿನ ಸೀಟಿಗೆ ಕಳಿಸಿದರು; ಕೋಳಿ ಕೊಕ್ಕೊಕ್ಕೋ ಎಂದು ಹಾರಿ ಹೊರಗೆ ಬಂತು. ಕಾಫಿ ಮಾಡಿ ಕೊಟ್ಟರು, ಹಿಂದಿನ ಸಲದ ಹಾಗೆ ಚಕ್ಕುಲಿ ಕೊಡಲಿಲ್ಲ.

ವಾಪಸು ಬರುವಾಗ ಮಾವ ಮಾತಾಡಲಿಲ್ಲ. ಹೊಸ ಗಾಜು ತೀರಾ ಸ್ವಚ್ಛವಾಗಿತ್ತು. ಮಲ್ಲಸಂದ್ರದ ಹತ್ತಿರ ಜಲ್ಲಿ ಲಾರಿಯೊಂದು ಎದುರಾದಾಗ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿದೆವು. ಅದು ಹೋದ ಮೇಲೆ ಮಾವ, "ಬರೋ ತಿಂಗಳು ಆಯಮ್ಮನಿಗೂ ಒಂದು ಲ್ಯಾಮಿನೇಟೆಡ್ ಮಾಡ್ಸೋಣ. ಅಚ್ಚು ಹೆಂಗೂ ಇದೆ" ಅಂದರು.

"ಒಪ್ತಾರಾ?" ಅಂದೆ.

"ಕೇಳ್ಬೇಕು."