ಮುದಿ ಸೈತಾನನ ತಿಳಿವು

ಸ್ಪ್ಯಾನಿಷ್ ಭಾಷೆಯಲ್ಲಿ ಸೈತಾನನಿಗೆ 'ದಿಯಾಬ್ಲೊ' ಎಂದು ಹೆಸರು. ಇಂಗ್ಲಿಷಿನ 'ಡೆವಿಲ್' ಅದರ ಸೋದರ ಶಬ್ದ. ಎರಡಕ್ಕೂ ಮೂಲವಾದ ಗ್ರೀಕ್ ಪದಕ್ಕೆ ಚಾಡಿ ಹೇಳುವವನು ಎಂಬರ್ಥ. ಆ ಪದದಲ್ಲಿ ಕೊಂಬಿಲ್ಲ, ಬಾಲವಿಲ್ಲ, ಇರುವುದು ನಾಲಗೆಯೊಂದೇ! ದೀನನನ್ನು ಕಂಡು ಇಂಗ್ಲಿಷರು 'ಪೂರ್ ಡೆವಿಲ್' ಎನ್ನುವಂತೆ ಸ್ಪೇನಿನವರೂ 'ಪೋಬ್ರೆ ದಿಯಾಬ್ಲೊ' ಎಂದು ಮರುಗುತ್ತಾರೆ.

ಅವರ ಗಾದೆಯೊಂದು ಮಾತ್ರ ವಿಚಾರಾರ್ಹವಾದುದು: ಸೈತಾನನ ಜಾಣ್ಮೆ ಅವನ ಸೈತಾನತನದಿಂದ ಬಂದುದಕ್ಕಿಂತ ಮುಪ್ಪಿನಿಂದ ಬಂದುದೇ ಹೆಚ್ಚು. ಹಿರಿಯರ ಅನುಭವವನ್ನು ಮನ್ನಿಸಬೇಕೆಂದೇ ಜನರು ಇದನ್ನು ಆಡುವರು. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಯುಗಯುಗಾಂತರ ಬಾಳಿ, ಮನುಷ್ಯನ ಮನಸ್ಸಿನ ಮೂಲೆಮೂಲೆಗಳನ್ನೂ ಅರಿತವನು ಅಷ್ಟು ಅರಿತೂ ಏಕೆ ಒಳ್ಳೆಯವನಾಗಲಿಲ್ಲ? ವಯಸ್ಸು ತಿಳಿವನ್ನು ಕೊಟ್ಟೀತು. ಕರುಣೆಯನ್ನೂ ಕೊಡುವುದೆಂಬ ಭರವಸೆಯಿಲ್ಲ. ವೇದಪಾರಂಗತನಾದ ದಶಕಂಠನ ಕಥೆಯನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಮಾತು ಹೊಸದಲ್ಲ. 'ತಿಳಿಯದೆ ಮಾಡಿದೆ' ಎಂಬ ನೆವ ಅಂಥವರಿಗೆ ದೊರೆಯುವುದೂ ಇಲ್ಲ.

ಸೈತಾನನು ನಿಲ್ಲುವ ತಾಣವನ್ನು ಸ್ಪೇನಿನ ಮತ್ತೊಂದು ಗಾದೆ ತೋರಿಸುತ್ತದೆ: ಶಿಲುಬೆಯ ಹಿಂದೆ. 'ದಿ ಡೆವಿಲ್ ಲರ್ಕ್ಸ್ ಬಿಹೈಂಡ್ ದಿ ಕ್ರಾಸ್' ಎಂದು ಇಂಗ್ಲಿಷಿನಲ್ಲಿಯೂ ಅದುಂಟು. ಭಕ್ತಿಯ ಮರೆಯಲ್ಲಿ ನಿಂತು ಕೇಡು ಬಗೆಯುವವರನ್ನು ಕುರಿತು ಆ ಮಾತು.