ಇರುವೆ ಮುಂದಿನ ವಾರ

ಚಿಕ್ಕ ಮಗುವೊಂದಕ್ಕೆ ಪಾಠದ ಯೋಜನೆ ಹಾಕಿಕೊಡುವುದು ಕಷ್ಟದ ಕೆಲಸವೆಂದು ನಾನು ಎಂದೂ ಎಣಿಸಿದವನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಂಕೋಲೆಯ ಕಡೆ ಮಾಸ್ತರಿಕೆ ಮಾಡಿದ್ದೇನೆ. ಹಾಳೆಗೆ ಗೆರೆ ಹೊಡೆದು ವಾರದ ಪಾಠಗಳನ್ನು ತುಂಬುವುದು ನನಗೆ ಕವಳ ಹಾಕಿಕೊಂಡಷ್ಟೇ ಸಹಜ. ಆದುದರಿಂದ ಕಳೆದ ಜೂನಿನಲ್ಲಿ ಸೊಸೆಯು, “ಮಾವ, ಈ ವರ್ಷ ಇವಳನ್ನು ಎಲ್ಲಿಗೂ ಕಳಿಸುವುದು ಬೇಡವೆಂದು ಮಾಡಿದ್ದೇವೆ. ಮನೆಯಲ್ಲೇ ಏನಾದರೂ ಕಲಿಸೋಣ. ನೀವೇ ಒಂದು ಯೋಜನೆ ಹಾಕಿಕೊಡಿ” ಎಂದಾಗ, ನಿವೃತ್ತನಾದವನಿಗೆ ಮತ್ತೆ ಹಾಜರಿ ಪುಸ್ತಕ ಸಿಕ್ಕಿದಷ್ಟು ಸಂತೋಷವಾಯಿತು.

ಮಗ ಇರುವುದು ಕಾರವಾರ ತಾಲೂಕಿನ ಮಲ್ಲಾಪುರದಲ್ಲಿ, ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ವಸತಿಯಲ್ಲಿ. ಒಂದು ಕಡೆ ಕಾಳಿ ನದಿ, ಸುತ್ತಲೂ ಕಾಡಿನ ಗುಡ್ಡ. ಮಳೆ ಹಿಡಿಯಿತೆಂದರೆ ಗುಡ್ಡಗಳು ಇದ್ದವೋ ಇಲ್ಲವೋ ಎಂಬಂತೆ ಮರೆಯಾಗುತ್ತವೆ. ಮೊಮ್ಮಗಳಿಗೆ ನಾಲ್ಕು ತುಂಬಿತ್ತು. ಕಾನೂನಾದರೂ ಅವಳ ತಂಟೆಗೆ ಬರುವಂತಿರಲಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಮಾತನಾಡುವುದು ಆರರಿಂದ ಹದಿನಾಲ್ಕರವರೆಗಿನ ಮಕ್ಕಳ ವಿಷಯ. ಆರರ ಕೆಳಗಿನ ಹೊತ್ತೆಲ್ಲ ಮನೆಯವರ ಕೈಯಲ್ಲಿ. ಹಾಗೆ ಕೈಗೆ ಬಂದ ಹೊತ್ತನ್ನು ನಾನು ಹಂಚಿದೆ. ಸೋಮವಾರ ಆಕಾರ, ಮಂಗಳವಾರ ಬಣ್ಣ, ಬುಧವಾರ ಎಣಿಕೆ, ಗುರುವಾರ ಪ್ರಕೃತಿ, ಶುಕ್ರವಾರ ಕಥೆ. ಒಂದೊಂದು ದಿನವೂ ಅರ್ಧ ಗಂಟೆಯ ನಾಲ್ಕು ತುಂಡು. ಸೊಸೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮಗ ಪಾಳಿ ಮುಗಿಸಿ ಬಂದವನು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, “ಕಲಿಸುವುದಾದರೆ ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಆಗಲಿ, ಅಪ್ಪಾ” ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದ. ಆ ಮಾತಿನ ಅರ್ಥ ನನಗೆ ಆ ಕ್ಷಣದಲ್ಲೇ ಆಯಿತು. ಆಗಲಿಲ್ಲವೆಂಬಂತೆ ನಟಿಸಿದೆ.

ಎರಡನೆಯ ಗುರುವಾರ ನಡೆದುದನ್ನು ಹೇಳಬೇಕು. ಪ್ರಕೃತಿಯ ದಿನ. ಎಲೆಗಳ ಪಾಠವಿತ್ತು, ಹಲಸು, ಮಾವು, ಗೇರು, ಮೂರು ಬಗೆಯ ಎಲೆಗಳನ್ನು ತೊಳೆದು ತಟ್ಟೆಯಲ್ಲಿ ಜೋಡಿಸಿಟ್ಟಿದ್ದೆ. ಹುಡುಗಿ ಹಿಂಬಾಗಿಲ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಸತ್ತ ಪತಂಗವೊಂದನ್ನು ಇರುವೆಗಳು ಗೋಡೆಯ ಮೇಲೆ ಹತ್ತಿಸುತ್ತಿದ್ದವು. ಪತಂಗದ ರೆಕ್ಕೆ ಗಾಳಿಗೆ ಸಿಕ್ಕಿ ಎಲ್ಲವೂ ಒಟ್ಟಿಗೆ ಕೆಳಗೆ ಬೀಳುವುದು, ಮತ್ತೆ ಹತ್ತುವುದು. ಅವಳು ಕರೆದಳು: “ಅಜ್ಜಾ, ಬಾ, ನೋಡು.” ನಾನು ಒಳಗಿನಿಂದಲೇ ಹೇಳಿದೆ: “ಇರುವೆ ಮುಂದಿನ ವಾರ ಅದೆ ಮಗಾ. ಇವತ್ತು ಎಲೆ.”

ಅವಳು ಹಟ ಮಾಡಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮಾಡಲಿಲ್ಲ. ಎದ್ದು, ಕೈಯನ್ನು ಅಂಗಿಗೆ ಒರೆಸಿಕೊಂಡು ಬಂದು, ಚಕ್ಕಳಮಕ್ಕಳ ಹಾಕಿ ನನ್ನ ಎದುರು ಕುಳಿತಳು. ಆ ವಿಧೇಯತೆಯನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ.

ಅವಳ ತಂದೆಗೆ ನಾಲ್ಕಾದಾಗ ನಾನು ವರ್ಣಮಾಲೆಯನ್ನೂ ಹತ್ತರವರೆಗಿನ ಮಗ್ಗಿಯನ್ನೂ ಬಾಯಿಪಾಠ ಮಾಡಿಸಿದ್ದೆ. ಬಂದ ನೆಂಟರೆದುರು ಅವನನ್ನು ನಿಲ್ಲಿಸುವುದು ನನಗೊಂದು ಹಬ್ಬ. ಒಂದು ಸಲ ಅವನು ಏಳೆಂಟಲದಲ್ಲಿ ತಡವರಿಸಿದ. ನೆಂಟರೆದುರಿಗೇ ಹೊಡೆದೆ. ಅವನು ಅಳಲಿಲ್ಲ, ಐವತ್ತಾರು ಎಂದ. ಆಮೇಲೆ ಶಾಲೆಯಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ, ಎಂಜಿನಿಯರನೂ ಆದ. ಆದರೆ ಪರೀಕ್ಷೆಗೆ ಬೇಡದ ಒಂದು ಪುಸ್ತಕವನ್ನು ಅವನು ತಾನಾಗಿ ಬಿಡಿಸಿದ್ದನ್ನು ನಾನು ಈ ನಲವತ್ತು ವರ್ಷಗಳಲ್ಲಿ ಕಂಡಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಉಂಟೆಂದು ನಾನು ಸಾಧಿಸಲಾರೆ. ಇಲ್ಲವೆಂದು ನನ್ನನ್ನು ನಂಬಿಸಿಕೊಳ್ಳಲೂ ಆರೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮವರು ಕೇಳುತ್ತಾರೆ. ಗಿಡ ಬಗ್ಗಲೇಬೇಕೇ ಎಂಬ ಪ್ರಶ್ನೆಯನ್ನು ಗಾದೆ ಕೇಳಿಕೊಂಡಿಲ್ಲ. ಬಗ್ಗಿಸುವವನಿಗೆ ಆ ಅಧಿಕಾರ ಎಲ್ಲಿಂದ ಬಂತೆಂಬುದನ್ನಂತೂ ಕೇಳಿಯೇ ಇಲ್ಲ. ದೊಡ್ಡವನ ಹೊತ್ತನ್ನು ಕದ್ದರೆ ಅವನು ಬೈಯುತ್ತಾನೆ. ತನ್ನ ಹೊತ್ತೆಂಬುದೊಂದಿದೆಯೆಂದೇ ಅರಿಯದ ಜೀವದ ಹೊತ್ತನ್ನು ಕದ್ದರೆ ದೂರು ಕೊಡುವವರು ಯಾರು? ಇಲ್ಲಿಯ ಸ್ಥಾವರದ ಒಂದನೆಯ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ಓಡಿ, ಆಗ ಜಗತ್ತಿನಲ್ಲೇ ದಾಖಲೆ ಮಾಡಿತು. ಯಂತ್ರಕ್ಕೆ ಅದು ಶೋಭೆ. ನನ್ನ ವಿದ್ಯಾರ್ಥಿನಿ ಆಕಾರಗಳ ಮೇಲೆ ಒಂಬತ್ತು ನಿಮಿಷ ಓಡುತ್ತಿದ್ದಳು, ಇರುವೆಗಳ ಮೇಲಾದರೆ ಮುಕ್ಕಾಲು ಗಂಟೆ. ನನ್ನ ಅರ್ಧ ಗಂಟೆಯ ತುಂಡು ಇವೆರಡರಲ್ಲಿ ಯಾವುದಕ್ಕೂ ಹೊಂದುತ್ತಿರಲಿಲ್ಲ.

ಆ ರಾತ್ರಿ ಫ್ರಿಜ್ಜಿನ ಬಾಗಿಲ ಹಾಳೆಯನ್ನು ಕಿತ್ತು ಹೊಸದೊಂದು ಬರೆದೆ. ಇನ್ನು ಅಕ್ಷರವಿಲ್ಲ, ಅಂಕಿಯಿಲ್ಲ. ಆರು ತುಂಬುವವರೆಗೆ ಮಣ್ಣು, ನೀರು, ಹಾಡು, ಕಥೆ, ತಿರುಗಾಟ. ಬರೆಯುವಾಗ ಕಣ್ಣು ತೇವವಾಯಿತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಏಕೆಂದರೆ ಆ ಹಾಳೆಯೂ ಹುಡುಗಿಗಾಗಿ ಬರೆದದ್ದಲ್ಲ.

ಇದು ತಿಳಿಯಲು ಮೂರು ವಾರ ಬೇಕಾದವು. ಬಸ್ಸು ನಿಲ್ಲುವಲ್ಲಿ ಅವಳನ್ನು ಕರೆದುಕೊಂಡು ನಿಂತಿದ್ದೆ. ಬಂದ ಬಸ್ಸಿನ ಹಣೆಯನ್ನು ತೋರಿಸಿ, “ಅಜ್ಜಾ, ಅಲ್ಲಿ ಎಂತ ಬರ್ದದೆ?” ಎಂದಳು. ನಾನು, “ಬಸ್ಸು ನೋಡು, ಎಷ್ಟು ಕೆಂಪಗದೆ!” ಎಂದೆ. “ಬಣ್ಣ ಅಲ್ಲ, ಬರ್ದದ್ದು” ಎಂದಳು. ನಾನು ಗಾಲಿಗಳನ್ನು ಎಣಿಸೋಣವೆಂದೆ. ಆಮೇಲೆ ಅಂಕಿಯೂ ಬೇಡವೆಂದು ನೆನಪಾಗಿ ಸುಮ್ಮನಾದೆ. ಅವಳು ನನ್ನ ಮುಖವನ್ನು ನೋಡಿದಳು. ತಾನೇನೋ ಕೇಳಬಾರದ್ದನ್ನು ಕೇಳಿದೆನೆಂಬ ಅಳುಕು ಆ ಮುಖದಲ್ಲಿತ್ತು. ಒಮ್ಮೆ ಕಲಿಸುವ ಆತುರದಲ್ಲಿ ಒಂದು ಮಗುವಿನ ಮುಖದಲ್ಲಿ ತಂದ ಅಳುಕನ್ನೇ ಕಲಿಸದಿರುವ ವ್ರತದಿಂದ ಇನ್ನೊಂದು ಮಗುವಿನ ಮುಖದಲ್ಲಿ ತಂದಿದ್ದೆ.

ರೂಸೋ ಮಹಾಶಯ ತನಗೆ ಹುಟ್ಟಿದ ಐದು ಶಿಶುಗಳನ್ನೂ ಅನಾಥಾಲಯಕ್ಕೆ ಕೊಟ್ಟವನು. ತನ್ನ ಆತ್ಮಕಥೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಅದೇ ಮನುಷ್ಯ 1762ರಲ್ಲಿ ‘ಎಮಿಲ್’ ಬರೆದು, ಮಗುವನ್ನು ಮಗುವಾಗಿಯೇ ಬೆಳೆಯಗೊಡಬೇಕೆಂದು ಯುರೋಪಿಗೆಲ್ಲ ಕಲಿಸಿದ. ಇದನ್ನು ಬೂಟಾಟಿಕೆಯೆಂದು ಬೈದವರುಂಟು. ನಾನೂ ತರುಣನಾಗಿದ್ದಾಗ ಬೈದಿದ್ದೆ. ಈಗ ಬೇರೆ ರೀತಿ ತೋರುತ್ತದೆ: ಐದು ಮಕ್ಕಳಿಗೆ ಸಲ್ಲಿಸದ ಋಣವನ್ನು ಅವನು ಒಬ್ಬ ಕಲ್ಪನೆಯ ಹುಡುಗನ ಖಾತೆಗೆ ಜಮಾ ಮಾಡಿದ. ಎಮಿಲ್ ಕಾಗದದ ಹುಡುಗನಾದ್ದರಿಂದ ಯಾರಿಗೂ ಕೇಡಾಗಲಿಲ್ಲ. ನನ್ನೆದುರಿಗೆ ಇದ್ದವಳು ರಕ್ತಮಾಂಸದ ಹುಡುಗಿ. ಮಗನಿಗೆ ಕೊಡಬೇಕಾದುದನ್ನು ಅವಳ ಕೈಯಲ್ಲಿ ತುರುಕುವುದಕ್ಕೆ ನನಗೇನು ಹಕ್ಕು?

ಹಾಗಾದರೆ ಯೋಜನೆಯೇ ಬೇಡವೇ? ಹಾಗೆನ್ನುವುದು ಸುಲಭ, ಆದರೆ ಯೋಜನೆಯಿಲ್ಲದ ಮನೆಯಲ್ಲಿ ಮಗುವಿನ ಹೊತ್ತನ್ನು ಮೊಬೈಲ್ ಯೋಜಿಸುತ್ತದೆ, ಅಷ್ಟೇ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಾಲ್ಕರ ಮಗುವಿನ ಬಳಿ ದಿನವಿಡೀ ಕುಳಿತು ಕಲಿಸಬೇಕೋ ಬೇಡವೋ ಎಂದು ಚಿಂತಿಸುವುದು ಪಿಂಚಣಿದಾರನೊಬ್ಬ ಮನೆಯಲ್ಲಿದ್ದವರ ಭಾಗ್ಯ. ಕೂಲಿಗೆ ಹೋಗುವ ತಾಯಿಗೆ ಅಂಗನವಾಡಿಯ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದರೆ ಸಾಕು.

ಈ ಊರಿನಲ್ಲಿ ಕುಳಿತಾಗ ಶಿವರಾಮ ಕಾರಂತರ ನೆನಪು ಬರದೆ ಇರುವುದಿಲ್ಲ. ಕೈಗಾ ಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ಇದೇ ಕೆನರಾ ಕ್ಷೇತ್ರದಿಂದ ನಿಂತು ಅವರು ಸೋತರು. ನನ್ನ ಮಗ ಆ ಸ್ಥಾವರದ ಅನ್ನ ಉಣ್ಣುವವನಾದ್ದರಿಂದ ಆ ವಾದವನ್ನು ಇಲ್ಲಿ ಎತ್ತುವುದಿಲ್ಲ. ನನಗೆ ಬೇಕಾದುದು ಪುತ್ತೂರಿನ ಬಾಲವನದ ಕಾರಂತರು, 1936ರಲ್ಲಿ ಮೂರು ಸಂಪುಟಗಳಲ್ಲಿ ‘ಬಾಲ ಪ್ರಪಂಚ’ವನ್ನು ಹೊರತಂದವರು. ಅಂಥ ಪುಸ್ತಕಕ್ಕೆ ಸೋಮವಾರ, ಮಂಗಳವಾರಗಳಿಲ್ಲ. ಬರೆದವನು ವರ್ಷಗಟ್ಟಲೆ ದುಡಿದಿದ್ದಾನೆ, ಅಚ್ಚುಕಟ್ಟಾಗಿ ಯೋಜಿಸಿದ್ದಾನೆ. ಆದರೆ ಯಾವ ಪುಟವನ್ನು ತೆರೆಯಬೇಕೆಂಬುದನ್ನು ಮಗುವಿಗೆ ಬಿಟ್ಟಿದ್ದಾನೆ. ಯೋಜನೆ ಹಾಕಬಾರದೆಂದಲ್ಲ, ಯಾರ ದಿನಕ್ಕೆ ಹಾಕುತ್ತೇವೆಂಬುದೇ ಪ್ರಶ್ನೆಯೆಂದು ನನಗೆ ಆಗ ಹೊಳೆಯಿತು.

ಈಗ ಫ್ರಿಜ್ಜಿನ ಬಾಗಿಲಿಗಿರುವ ಮೂರನೆಯ ಹಾಳೆ ನನ್ನದು. ಅವಳ ಹೆಸರೇ ಅದರಲ್ಲಿಲ್ಲ. ಒಂಬತ್ತರಿಂದ ಹನ್ನೊಂದರವರೆಗೆ ನಾನು ಪತ್ರಿಕೆ ಓದುವಂತಿಲ್ಲ, ಫೋನು ಹಿಡಿಯುವಂತಿಲ್ಲ. ಕೆಳಗಿನ ಕಪಾಟಿನಲ್ಲಿ ಅಕ್ಕಿ, ಹುಣಿಸೆ ಬೀಜ, ತೆಂಗಿನ ಚಿಪ್ಪು, ಬಳಪ, ನಾಲ್ಕು ಚಿತ್ರದ ಪುಸ್ತಕ ಅವಳ ಕೈಗೆಟುಕುವಂತೆ ಇರಬೇಕು. ಕರೆದಾಗ ಏಳಬೇಕು. ಕೇಳಿದ್ದಕ್ಕೆ ಉತ್ತರ ಹೇಳಬೇಕು, ಕೇಳಿದಷ್ಟಕ್ಕೇ ಹೇಳಬೇಕು. ಈ ಕೊನೆಯದು ಮಾಸ್ತರನಿಗೆ ಬಹಳ ಕಷ್ಟ. ಇವುಗಳ ನಡುವೆ ಅವಳು ಪಕ್ಕದ ಮನೆಯವರಿಂದ ಕೊಂಕಣಿಯನ್ನೂ ಆಟದ ಬಯಲಿನಿಂದ ಹಿಂದಿಯನ್ನೂ ಕಲಿತುಬಿಟ್ಟಿದ್ದಾಳೆ. ಅವೆರಡೂ ನನ್ನ ಯಾವ ಹಾಳೆಯಲ್ಲೂ ಇರಲಿಲ್ಲ.

ಬಸ್ಸಿನ ಪ್ರಶ್ನೆಗೆ ಉತ್ತರ ಕೊಟ್ಟವನು ನಾನಲ್ಲ. ಅದೇ ದಿನ ರಾತ್ರಿ ಊಟದ ಹೊತ್ತಿನಲ್ಲಿ ಅವಳು ತಂದೆಯನ್ನು ಕೇಳಿದಳು. ಅವನು ನನ್ನ ಕಡೆ ನೋಡಿದ. ನಾನು ತಟ್ಟೆಯಲ್ಲಿ ಕಣ್ಣಿಟ್ಟೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಕಿಟಕಿಯ ಗಾಜು ಮಂಜಾಗಿತ್ತು. ಅವನು ಎದ್ದು ಎಡಗೈ ಬೆರಳಿನಿಂದ ಗಾಜಿನ ಮೇಲೆ ‘ಕಾರವಾರ’ ಎಂದು ಬರೆದ. ಅವಳು ಮೊದಲಿನ ಅಕ್ಷರವೊಂದನ್ನೇ ಮುಟ್ಟಿ, “ಇದು ಎಂತ?” ಎಂದಳು. “ಕಾ” ಎಂದ. “ಕಾಳಿ ಹೊಳೆಗೂ ಇದೇಯಾ?” ಎಂದಳು. ಅವನು ಹೌದೆಂದ. ಮುಂದಿನ ಅಕ್ಷರ ಹೇಳಿಕೊಡುವನೆಂದು ನಾನು ಕಾದೆ. ಹೇಳಿಕೊಡಲಿಲ್ಲ, ಅವಳು ಕೇಳಿರಲಿಲ್ಲ. ಇಬ್ಬರೂ ಮರಳಿ ಬಂದು ಊಟಕ್ಕೆ ಕುಳಿತರು.

ಸೊಸೆಗೆ ಮಾತ್ರ ಇನ್ನೂ ಸಮಾಧಾನವಿಲ್ಲ. “ಎಲ್ಲ ಸರಿ ಮಾವ, ಶಾಲೆಗೆ ಸೇರಿಸುವಾಗ ಇವಳಿಗೆ ಏನೇನು ಬರುತ್ತದೆಂದು ಕೇಳಿದರೆ ನಾನೇನು ಹೇಳಲಿ?” ಎನ್ನುತ್ತಾಳೆ. ಕೇಳುವುದಂತೂ ನಿಶ್ಚಯ, ನಾನೇ ಎಷ್ಟು ತಾಯಂದಿರನ್ನು ಹಾಗೆ ಕೇಳಿದ್ದೇನೋ. ಅವಳಿಗೆ ಕೊಡುವ ಉತ್ತರ ಇನ್ನೂ ನನ್ನ ಬಳಿ ಇಲ್ಲ.