ಚೌಕಟ್ಟಿನ ಹೊರಗೆ ನಿಂತವರು

ಅಗಲಿದವರನ್ನು ನೆನೆಯುವುದು ಪುಣ್ಯದ ಕೆಲಸವೆಂದು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಆದರೆ ಹಾಗೆ ನೆನೆಯುವುದರಲ್ಲಿಯೂ ನ್ಯಾಯ, ಅನ್ಯಾಯಗಳಿರಬಹುದೆ? ಪ್ರೀತಿಯಿಂದಲೇ ನೆನೆಯುತ್ತಿದ್ದರೂ ನಾವು ಯಾರಿಗಾದರೂ ತಪ್ಪು ಮಾಡುತ್ತಿರಬಹುದೆ? ಪ್ರಿಯ ಓದುಗರೇ, ಗುರುಮಠದ ನೀತಿಶಾಸ್ತ್ರದ ತರಗತಿಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅದು ಎದುರಾದುದು ನನ್ನ ತಾಯಿಯ ವರ್ಷದ ಪೂಜೆಯ ಮುನ್ನಾದಿನ, ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಕುಳಿತಿದ್ದಾಗ.

ಬೆಳಿಗ್ಗೆ ಊರಿನ ದೇವಾಲಯದಲ್ಲಿ ಬಲಿಪೂಜೆ, ಬಳಿಕ ಸಮಾಧಿಯ ಬಳಿ ಪ್ರಾರ್ಥನೆ, ಮಧ್ಯಾಹ್ನ ಮನೆಯಂಗಳದ ಚಪ್ಪರದಲ್ಲಿ ನೆಂಟರಿಷ್ಟರಿಗೆ ಊಟ ಎಂದು ಗೊತ್ತುಮಾಡಿದ್ದೆವು. ಕೆನಡಾದಲ್ಲಿರುವ ನನ್ನ ತಮ್ಮನಿಗೆ ಬರಲಾಗಲಿಲ್ಲ. ಅಮ್ಮನ ಕೊನೆಯ ದಿನಗಳಲ್ಲಿಯೂ ಅವನಿಗೆ ರಜೆ ದೊರೆಯುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿತ್ತು. ಆ ಸಾಲವನ್ನು ತೀರಿಸಲೋ ಎಂಬಂತೆ ಅವನು ಎಷ್ಟೋ ರಾತ್ರಿ ಎಚ್ಚರವಿದ್ದು, ಹಳೆಯ ಭಾವಚಿತ್ರಗಳನ್ನೂ ಮೊಬೈಲಿನಲ್ಲಿ ತೆಗೆದ ದೃಶ್ಯಗಳನ್ನೂ ಜೋಡಿಸಿ 38 ನಿಮಿಷಗಳ ವಿಡಿಯೊ ಒಂದನ್ನು ಮಾಡಿ ಕಳುಹಿಸಿದ. ಊಟಕ್ಕೆ ಮೊದಲು ಎಲ್ಲರೂ ಅದನ್ನು ನೋಡಬೇಕೆಂಬುದು ಅವನ ಆಸೆ. ಸುಮಾರು 14 ಜಿಬಿ ಗಾತ್ರದ ಆ ಕಡತವನ್ನು ಅಂತರಜಾಲದಿಂದ ಇಳಿಸಿಕೊಳ್ಳಲು ಒಂದು ಇಡೀ ರಾತ್ರಿ ಹಿಡಿಯಿತು.

ಮರುದಿನ ಅದನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯಲ್ಲಿ ತೋರಿಸೋಣವೆಂದರೆ ಅದು ಒಳಗೆ ಹೋಗಲೊಲ್ಲದು. ಪೆನ್‌ಡ್ರೈವಿನ ಸಾಮರ್ಥ್ಯ 32 ಜಿಬಿ, ಒಳಗೆ ಪೂರ್ತಿ ಖಾಲಿ. ಆದರೂ ಕಡತ ತೀರ ದೊಡ್ಡದೆಂಬ ಸಂದೇಶ. ನಮ್ಮ ಯುವಕ ಸಂಘದ ಹುಡುಗನೊಬ್ಬ ಬಂದು ಕಾರಣ ಹೇಳಿದ. ಆ ಪೆನ್‌ಡ್ರೈವ್ ಲೆಕ್ಕವಿಡುವುದು ಫ್ಯಾಟ್ 32 ಎಂಬ, 1996ರಲ್ಲಿ ಬಳಕೆಗೆ ಬಂದ ಕ್ರಮದಲ್ಲಿ. ಅದರಲ್ಲಿ ಪ್ರತಿಯೊಂದು ಕಡತದ ಗಾತ್ರವನ್ನು ಬರೆದಿಡಲು ಇರುವ ಮನೆಗಳು 32 ಮಾತ್ರ. ಆ ಮನೆಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಕಣಜದಲ್ಲಿ ಜಾಗವಿದೆ, ಆದರೆ ಲೆಕ್ಕದ ಪುಸ್ತಕದಲ್ಲಿ ಅಷ್ಟು ದೊಡ್ಡ ಅಂಕಿ ಬರೆಯಲು ಸ್ಥಳವಿಲ್ಲ! ಪೆನ್‌ಡ್ರೈವನ್ನು ಬೇರೆ ಕ್ರಮಕ್ಕೆ ಬದಲಾಯಿಸಬಹುದಿತ್ತು. ಅದನ್ನು ನಮ್ಮ ಹಳೆಯ ಟಿವಿ ಓದೀತೆಂಬ ಭರವಸೆಯಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರೆ ಚಿತ್ರ ತಡೆತಡೆದು ಓಡಿತು. ಅಮ್ಮನ ನಗು ಅರ್ಧಕ್ಕೇ ನಿಂತುಬಿಡುತ್ತಿತ್ತು. ಧ್ವನಿ ಮಾತ್ರ ಮುಂದೆ ಹೋಗುತ್ತಿತ್ತು. ನೋಡಲು ಸಂಕಟವಾಯಿತು.

‘ಫಾದರ್, ಇದನ್ನು ಕುಗ್ಗಿಸಿಬಿಡೋಣ’ ಎಂದ ಹುಡುಗ. ಕುಗ್ಗಿಸುವುದೆಂದರೆ ಏನೆಂದು ಕೇಳಿದೆ. ಅವನು ವಿವರಿಸಿದ್ದು ಹೀಗೆ. ವಿಡಿಯೊ ಎಂಬುದು ಸೆಕೆಂಡಿಗೆ 25 ಅಥವಾ 30 ಚಿತ್ರಗಳ ಸಾಲು. ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಇಟ್ಟುಕೊಂಡರೆ ಯಾವ ಪೆಟ್ಟಿಗೆಯೂ ಸಾಲದು. ಆದ್ದರಿಂದ ಆಗಾಗ ಒಂದು ಚಿತ್ರವನ್ನು ಮಾತ್ರ ಪೂರ್ತಿಯಾಗಿ ಇಟ್ಟುಕೊಂಡು, ಅನಂತರದವುಗಳಲ್ಲಿ ಬದಲಾದದ್ದನ್ನಷ್ಟೇ ಬರೆದಿಡುತ್ತಾರೆ. ಅಲುಗದೆ ನಿಂತದ್ದನ್ನು ಮತ್ತೆ ಮತ್ತೆ ಬರೆಯುವುದಿಲ್ಲ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸದಾದ್ದರಿಂದ ಬಣ್ಣದ ವಿವರಗಳನ್ನೂ ಕಡಿಮೆ ಮಾಡುತ್ತಾರೆ. ‘ಕಣ್ಣಿಗೆ ಗೊತ್ತಾಗದೆ ಇರೋದನ್ನ ಬಿಟ್ಟುಬಿಡೋದು, ಅಷ್ಟೇ ಫಾದರ್’ ಎಂದ. ಹಾಗೆ ಬಿಟ್ಟದ್ದು ಮತ್ತೆ ದೊರೆಯುವುದಿಲ್ಲ ಎಂಬುದನ್ನೂ ಸೇರಿಸಿದ.

ಕುಗ್ಗಿಸುವ ಮೊದಲು ನಾನು, ನನ್ನ ಅಕ್ಕ ಇಬ್ಬರೂ ಕುಳಿತು ತಡೆತಡೆದು ಓಡುವ ವಿಡಿಯೊವನ್ನೇ ಪೂರ್ತಿ ನೋಡಿದೆವು. ಕೊನೆಗೆ ನಾಲ್ಕು ನಿಮಿಷ ಆಸ್ಪತ್ರೆಯ ದೃಶ್ಯಗಳಿದ್ದವು. ಮೂಗಿನಲ್ಲಿ ನಳಿಗೆ, ಕೆದರಿದ ತಲೆ, ಯಾರನ್ನೂ ಗುರುತಿಸದ ಕಣ್ಣು. ತಮ್ಮ ಅಲ್ಲಿಂದ ಕರೆ ಮಾಡುತ್ತಿದ್ದಾಗ ಅವನ ಮೊಬೈಲಿನಲ್ಲಿ ಉಳಿಸಿಕೊಂಡವು. ಅಕ್ಕ ಎದ್ದು ನಿಂತಳು. ‘ಇದು ಬೇಡಪ್ಪಾ. ತಲೆ ಬಾಚಿಕೊಳ್ಳದೆ ಅಮ್ಮ ಒಂದು ದಿನವೂ ಹೊಸ್ತಿಲು ದಾಟಿದವಳಲ್ಲ. ಊರವರ ಮುಂದೆ ಹೀಗೆ ಕೂರಿಸಬೇಡ’ ಎಂದಳು. ತಮ್ಮನಿಗೆ ಕರೆ ಮಾಡಿ ತಿಳಿಸಿದರೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನೀವೆಲ್ಲ ಪಕ್ಕದಲ್ಲಿ ಇದ್ರಿ ಅಕ್ಕಾ. ನನಗೆ ಉಳಿದಿರೋದು ಆ ನಾಲ್ಕು ನಿಮಿಷ ಮಾತ್ರ’ ಎಂದ.

ಓದುಗರೇ, ಇವರಿಬ್ಬರಲ್ಲಿ ಯಾರ ಮಾತು ನ್ಯಾಯ? ಒಬ್ಬಳು ತಾಯಿಯ ಮಾನವನ್ನು ಕಾಯುತ್ತಿದ್ದಳು. ಇನ್ನೊಬ್ಬ ತನ್ನ ದುಃಖದ ಸತ್ಯವನ್ನು ಹಿಡಿದುಕೊಂಡಿದ್ದ. ಸತ್ತವರು ತಮ್ಮ ಪರವಾಗಿ ಬೇಡವೆನ್ನಲಾರರು. ಜೀವಂತವಾಗಿದ್ದಾಗ ಕದ ಮುಚ್ಚಿಕೊಳ್ಳಲು ಅಮ್ಮನಿಗಿದ್ದ ಹಕ್ಕು ಮರಣದಿಂದ ಇಲ್ಲವಾಗುವುದಿಲ್ಲ. ಆ ಕದವನ್ನು ಮುಚ್ಚುವ ಹೊಣೆ ಮಾತ್ರ ಮಕ್ಕಳ ಮೇಲೆ ಬೀಳುತ್ತದೆ. ಆದರೆ ಆ ಬೇನೆ ನಡೆದೇ ಇಲ್ಲವೆಂಬಂತೆ ಅಳಿಸಿಹಾಕುವುದೂ ಸರಿಯಲ್ಲ. ಆ ನಾಲ್ಕು ನಿಮಿಷಗಳನ್ನು ಎಲ್ಲರಿಗೆ ತೋರಿಸುವ ವಿಡಿಯೊದಿಂದ ತೆಗೆಯುವುದು, ಮೂಲ ಕಡತವನ್ನು ಹಾಗೆಯೇ ಕಾಪಾಡಿ ಇಟ್ಟುಕೊಳ್ಳುವುದು ಎಂದು ಕೊನೆಗೆ ಒಪ್ಪಿದೆವು. ಸತ್ಯಕ್ಕೆ ಕೂಡ ಅದರದೇ ಆದ ಕೋಣೆಯಿರುತ್ತದೆ. ಎಲ್ಲವನ್ನೂ ಅಂಗಳಕ್ಕೆ ತಂದಿಡಬೇಕಾಗಿಲ್ಲ.

ಇಷ್ಟಾದ ಮೇಲೆ ನನಗೆ ಇನ್ನೊಂದು ವಿಷಯ ಹೊಳೆಯಿತು. ಆ ವಿಡಿಯೊದಲ್ಲಿ ನಾನು ಎಷ್ಟೋ ಬಾರಿ ಕಾಣಿಸಿಕೊಂಡಿದ್ದೆ. ಗುರುದೀಕ್ಷೆಯ ದಿನ ಅಮ್ಮನ ಜೊತೆ, ರಜತ ಮಹೋತ್ಸವದಲ್ಲಿ ಅಮ್ಮನ ಜೊತೆ, ಕ್ರಿಸ್ಮಸ್ಸಿಗೆ ಬಂದು ಹೋದಾಗ ಅಮ್ಮನ ಜೊತೆ. ತಮ್ಮನೂ ರಜೆಗೆ ಬಂದಾಗಲೆಲ್ಲ ಇದ್ದ. ಆರು ವರ್ಷ ಅಮ್ಮನಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ರಾತ್ರಿ ಎದ್ದು ಮಗ್ಗುಲು ಬದಲಾಯಿಸಿದ ಅಕ್ಕ ಮಾತ್ರ ಒಂದು ಮದುವೆಯ ಗುಂಪಿನಲ್ಲಿ ಬಿಟ್ಟರೆ ಎಲ್ಲಿಯೂ ಇರಲಿಲ್ಲ. ಕಾರಣ ಸರಳ. ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದವಳೇ ಅವಳು. ತೆಗೆಯದೆ ಇದ್ದಾಗ ಅಡುಗೆಮನೆಯಲ್ಲಿ ಇರುತ್ತಿದ್ದಳು. ತಮ್ಮನಿಗೆ ಅವಳನ್ನು ಬಿಟ್ಟುಬಿಡುವ ಉದ್ದೇಶವೇನೂ ಇರಲಿಲ್ಲ. ಇದ್ದ ಚಿತ್ರಗಳನ್ನು ಅವನು ಪ್ರಾಮಾಣಿಕವಾಗಿ ಜೋಡಿಸಿದ್ದ. ಆದರೂ ಅದನ್ನು ನೋಡಿದವರಿಗೆ ಅಮ್ಮನ ಬಾಳನ್ನು ತುಂಬಿದವರು ಗಂಡುಮಕ್ಕಳಿಬ್ಬರು ಎಂದು ತೋರುತ್ತಿತ್ತು. ಯಾರೂ ಸುಳ್ಳು ಹೇಳದೆಯೇ ಒಂದು ಸುಳ್ಳು ಸಿದ್ಧವಾಗಿತ್ತು.

ಹುಡುಗ ಹೇಳಿದ ಮಾತು ಆಗ ಬೇರೆಯೇ ಅರ್ಥದಲ್ಲಿ ಕೇಳಿಸಿತು. ನಮ್ಮ ನೆನಪೂ ಬದಲಾದದ್ದನ್ನು ಮಾತ್ರ ಬರೆದುಕೊಳ್ಳುತ್ತದೆ. ಬಂದವರನ್ನು, ಹೋದವರನ್ನು, ಹಬ್ಬವನ್ನು ಬರೆದಿಡುತ್ತದೆ. ಪ್ರತಿದಿನವೂ ಅಲುಗದೆ ಅಲ್ಲಿಯೇ ನಿಂತವರನ್ನು ಮತ್ತೆ ಬರೆಯುವುದಿಲ್ಲ. ಕೊನೆಗೆ ಅವರು ಕಣ್ಣಿಗೆ ಗೊತ್ತಾಗದವರ ಪಟ್ಟಿಗೆ ಸೇರಿಹೋಗುತ್ತಾರೆ. ವರ್ಷಕ್ಕೆರಡು ಬಾರಿ ಬಂದು, ಆಶೀರ್ವಾದ ಕೊಟ್ಟು, ಊಟ ಮಾಡಿ ಹೊರಡುತ್ತಿದ್ದ ನಾನು ಒಮ್ಮೆಯಾದರೂ ಆ ಮೊಬೈಲನ್ನು ಅವಳ ಕೈಯಿಂದ ತೆಗೆದುಕೊಂಡು, ‘ಅಕ್ಕಾ, ನೀನು ಅಮ್ಮನ ಪಕ್ಕ ನಿಲ್ಲು’ ಎಂದು ಹೇಳಿದ್ದರೆ! ಹೇಳಲಿಲ್ಲ. ಅದು ನನ್ನ ತಪ್ಪು. ಅದನ್ನು ಯಾವ ತಂತ್ರಜ್ಞಾನದ ಮೇಲೂ ಹೊರಿಸಲಾರೆ.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದ ಒಂಬತ್ತನೆಯ ಭಾಗದಲ್ಲಿ ತಾಯಿ ಸಂತ ಮೋನಿಕಾರನ್ನು ನೆನೆಯುತ್ತಾರೆ. ಆಕೆ ಕ್ರಿ. ಶ. 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ, ಹುಟ್ಟೂರಿನಿಂದ ದೂರದಲ್ಲಿ ತೀರಿಕೊಂಡರು. ಮಗ ತಾಯಿಯ ಪ್ರಾರ್ಥನೆಯನ್ನೂ ಕಣ್ಣೀರನ್ನೂ ಬರೆದಂತೆಯೇ, ಬಾಲ್ಯದಲ್ಲಿ ಆಕೆಗೆ ಗುಟ್ಟಾಗಿ ದ್ರಾಕ್ಷಾರಸ ಕುಡಿಯುವ ಚಾಳಿ ಅಂಟಿದ್ದುದನ್ನೂ, ಮನೆಯ ದಾಸಿಯೊಬ್ಬಳ ಮೂದಲಿಕೆಯಿಂದ ಅದು ಬಿಟ್ಟುಹೋದುದನ್ನೂ ಬರೆದಿದ್ದಾರೆ. ಹೆಸರೇ ತಿಳಿಯದ ಆ ದಾಸಿಗೂ ತಾಯಿಯ ಕಥೆಯಲ್ಲಿ ಸ್ಥಾನ ದೊರೆಯಿತು. ಮೋನಿಕಾ ತಮ್ಮ ಶರೀರವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲವೆಂದರು. ಮಕ್ಕಳಲ್ಲಿ ಬೇಡಿಕೊಂಡದ್ದು ಪ್ರಭುವಿನ ಬಲಿಪೀಠದ ಬಳಿ ತಮ್ಮನ್ನು ನೆನೆಯಬೇಕೆಂದು ಮಾತ್ರ.

ಆ ಬೇಡಿಕೆಯ ಅರ್ಥ ನನಗೆ ಈಗ ಸ್ವಲ್ಪ ತಿಳಿಯುತ್ತಿದೆ. ಮನುಷ್ಯರ ನೆನಪು ಎಷ್ಟೇ ದೊಡ್ಡದಾದರೂ ಅದಕ್ಕೊಂದು ಚೌಕಟ್ಟಿದೆ. ಚೌಕಟ್ಟಿನ ಹೊರಗೆ ಯಾರೋ ಉಳಿದೇ ಉಳಿಯುತ್ತಾರೆ. ಮಾರ್ಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಬೆಥಾನಿಯದ ಸ್ತ್ರೀಯೊಬ್ಬಳು ಯೇಸುವಿನ ತಲೆಯ ಮೇಲೆ ಸುಗಂಧ ತೈಲವನ್ನು ಸುರಿಯುತ್ತಾಳೆ. ಶುಭಸಂದೇಶ ಸಾರಲಾಗುವ ಕಡೆಯಲ್ಲೆಲ್ಲ ಅವಳ ಕಾರ್ಯವನ್ನು ನೆನೆಯಲಾಗುವುದೆಂದು ಪ್ರಭು ಹೇಳುತ್ತಾರೆ. ಆದರೆ ಮಾರ್ಕ ಅವಳ ಹೆಸರನ್ನು ಬರೆದಿಲ್ಲ. ಹೆಸರು ಜಾರಿಹೋದರೂ ಪ್ರೀತಿ ಜಾರಿಹೋಗಲಿಲ್ಲ. ಬಲಿಪೂಜೆಯ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಗುರುವು, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂತಹ ಮೃತರಿಗಾಗಿಯೂ ಬಿನ್ನವಿಸುತ್ತಾನೆ. ನಾನು ಎಷ್ಟೋ ಬಾರಿ ಓದಿದ ಆ ಬಿನ್ನಹ ನಮ್ಮ ಎಲ್ಲ ಚೌಕಟ್ಟುಗಳ ಹೊರಗಿನವರಿಗಾಗಿಯೇ ಇದೆಯೆಂದು ಈಗ ಅನ್ನಿಸುತ್ತಿದೆ.

ಹಾಗಾದರೆ ದೇವರು ನೆನೆಯುತ್ತಾರೆಂದು ನಾವು ಸುಮ್ಮನಿರಬಹುದೆ? ಇಲ್ಲ. ನಮ್ಮ ನೆನಪು ಅಪೂರ್ಣವೆಂದು ಬಲ್ಲವನಿಗೆ ಹೊಣೆ ಹೆಚ್ಚು. ಮರುದಿನ ವಿಡಿಯೊ ಹಾಕುವ ಮೊದಲು ನಾನು ಎದ್ದು ನಿಂತು ಇಷ್ಟೇ ಹೇಳಿದೆ: ‘ಈ ದೃಶ್ಯಗಳಲ್ಲಿ ಅಮ್ಮ ನಿಮ್ಮನ್ನು ನೋಡಿ ನಗುತ್ತಿರುವಂತೆ ಕಾಣುತ್ತದೆ. ನಿಜವಾಗಿ ಅಮ್ಮ ನೋಡುತ್ತಿರುವುದು ಅಕ್ಕನನ್ನು. ತೆಗೆದವಳು ಅವಳು.’ ಸುಮಾರು ಎರಡು ಜಿಬಿಗೆ ಇಳಿದ ಕಡತ 34 ನಿಮಿಷ ಎಲ್ಲಿಯೂ ತಡೆಯದೆ ಓಡಿತು. ಅಕ್ಕ ಕುಳಿತು ನೋಡಲಿಲ್ಲ. ಎಲೆ ಹಾಕಿಸುವ ಗಡಿಬಿಡಿಯಲ್ಲಿದ್ದಳು. ಆದರೆ ನಮ್ಮ ಚಿಕ್ಕಮ್ಮ ಎದ್ದುಹೋಗಿ ಅವಳ ಕೈಯಿಂದ ಎಲೆಯ ಕಟ್ಟನ್ನು ತೆಗೆದುಕೊಂಡದ್ದನ್ನು ಕಂಡೆ.

ಆ ರಾತ್ರಿ ನೆಂಟರೆಲ್ಲ ಹೋದ ಮೇಲೆ ತಮ್ಮ ಅಲ್ಲಿಂದ ಕರೆ ಮಾಡಿದ. ಅಕ್ಕ ತಾನಾಗಿಯೇ, ‘ಆ ನಾಲ್ಕು ನಿಮಿಷ ಹಾಕಪ್ಪಾ, ಮೂವರೂ ನೋಡೋಣ’ ಎಂದಳು. ನೋಡಿದೆವು. ಬಳಿಕ ಜಪಸರ ಹೇಳಿದೆವು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಇಂತಹ ಸ್ಮರಣೆಯ ದಿನ ಬರುತ್ತದೆ. ವಿಡಿಯೊ ತೋರಿಸುವುದು ತಪ್ಪೇನೂ ಅಲ್ಲ. ತೋರಿಸುವ ಯಂತ್ರದಲ್ಲಿಯೇ ಮೊದಲು ಓಡಿಸಿ ನೋಡಿರಿ, ಮೂಲವನ್ನು ಕಾಪಾಡಿಕೊಳ್ಳಿರಿ. ಅದರೊಂದಿಗೆ ಎರಡು ಪ್ರಶ್ನೆಗಳನ್ನೂ ಕೇಳಿಕೊಳ್ಳಿರಿ. ತೀರಿಕೊಂಡವರು ಇಲ್ಲಿ ಕುಳಿತಿದ್ದರೆ ಇದನ್ನು ತೋರಿಸಲು ಒಪ್ಪುತ್ತಿದ್ದರೆ? ಈ ಚಿತ್ರವನ್ನು ತೆಗೆದ ಕೈ ಯಾರದು? ಎರಡನೆಯ ಪ್ರಶ್ನೆಯ ಉತ್ತರ ಬಹುಶಃ ಈಗಲೂ ನಿಮ್ಮ ಮನೆಯ ಅಡುಗೆಮನೆಯಲ್ಲಿ ಇರಬಹುದು. ವರ್ಷದ ಪೂಜೆಯವರೆಗೆ ಕಾಯದೆ ಇಂದೇ ಹೋಗಿ ಅವರನ್ನು ಕರೆಯಿರಿ.